ಬೆಣ್ಣೆ ದೋಸೆ ಒಲೆಯ ಕಟ್ಟಿಗೆ: ಹೊಗೆ ಯಾರ ಖಾತೆಗೆ?

[ದೃಶ್ಯ: ದೋಸೆ ಕಾವಲಿ, ಕೆಳಗೆ ಕಟ್ಟಿಗೆ ಉರಿ]

ದಾವಣಗೆರೆ ಬೆಣ್ಣೆ ದೋಸೆ ಅಂದ್ರೆ ಕಟ್ಟಿಗೆ ಒಲೆ. ಅದ್ರಲ್ಲಿ ರಾಜಿ ಇಲ್ಲ. ಬಹಳ ಜನ ಕೇಳೋ ಪ್ರಶ್ನೆ ಬೇರೆ: "ಮರ ಮತ್ತೆ ಬೆಳೆಯುತ್ತಲ್ರಿ, ಹಂಗಾದ್ರೆ ಈ ಹೊಗೆಯ ಕಾರ್ಬನ್ ಲೆಕ್ಕ ಸೊನ್ನೆ ಅಲ್ವಾ?"

ಬೇಸಿಕ್ ಬೇಗ ಮುಗಿಸೋಣ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಕಾರ್ಬನ್. ಒಂದು ಕಿಲೋ ಉರಿದ್ರೆ ಸುಮಾರು 1.8 ಕಿಲೋ ಕಾರ್ಬನ್ ಡೈಆಕ್ಸೈಡ್. ಶಾಖ ಅಳೆಯೋದು ಮೆಗಾಜೌಲಿನಲ್ಲಿ; ಒಂದು ಮೆಗಾಜೌಲ್ ಅಂದ್ರೆ ಮೂರು ಲೀಟರ್ ತಣ್ಣೀರು ಕುದಿಗೆ ಬರೋವಷ್ಟು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ ಪಟ್ಟಿ ಪ್ರಕಾರ ಸಾವಿರ ಮೆಗಾಜೌಲ್ ಶಾಖಕ್ಕೆ ಕಟ್ಟಿಗೆ ಬಿಡೋದು 112 ಕಿಲೋ, ಕಲ್ಲಿದ್ದಲು 95ರ ಆಸುಪಾಸು, ಅಡುಗೆ ಗ್ಯಾಸ್ 63. ಹೌದ್ರಿ, ಕಲ್ಲಿದ್ದಲಿಗಿಂತ ಕಟ್ಟಿಗೇನೇ ಜಾಸ್ತಿ. ಮೇಲೆ ಒಲೆ ಬೇರೆ ಪೋಲು ಮಾಡುತ್ತೆ. ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ 10–15 ಭಾಗ ಶಾಖ ಮಾತ್ರ ಪಾತ್ರೆಗೆ ಸೇರುತ್ತೆ, ಗ್ಯಾಸ್ ಒಲೆಯಲ್ಲಿ 60ಕ್ಕೂ ಮೇಲೆ. ಎರಡೂ ಗುಣಿಸಿ ನೋಡಿದ್ರೆ ಅದೇ ಒಂದು ಪಾತ್ರೆ ಅನ್ನಕ್ಕೆ ಗ್ಯಾಸಿಗಿಂತ ಕಟ್ಟಿಗೆಯಿಂದ ಕಮ್ಮಿ ಅಂದ್ರೂ ಏಳು ಪಟ್ಟು ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತೆ.

ಈಗ ಮಜಾ ಇರೋ ವಿಷಯ: ನೀರು.

[ದೃಶ್ಯ: ತಕ್ಕಡಿ ಮೇಲೆ ಹಸಿ ಕಟ್ಟಿಗೆ]

ಹಸಿ ಕಟ್ಟಿಗೆ 100 ಕಿಲೋ ತಂದ್ರಿ ಅಂದ್ಕೊಳ್ರಿ. ಅದ್ರಲ್ಲಿ 50 ಕಿಲೋ ನೀರೇ ಇರಬಹುದು. ಅಡ್ಡೆಯಲ್ಲಿ ತೂಕದ ಲೆಕ್ಕ, ಅಂದ್ರೆ ಕಟ್ಟಿಗೆ ರೇಟಿಗೆ ನೀರು ಕೊಂಡಂಗೆ! ತೇವ ನೂರಕ್ಕೆ 20ಕ್ಕೆ ಇಳಿಯೋತನಕ ಒಣಗಿಸಿದ್ರೆ ಅದೇ ರಾಶಿ 62.5 ಕಿಲೋ ತೂಗುತ್ತೆ. ಉಳಿದ 37.5 ಕಿಲೋ ಗಾಳಿಗೆ.

ಆ ನೀರನ್ನ ಆವಿ ಮಾಡೋಕೆ ಬೆಂಕಿ ತನ್ನ ಶಾಖಾನೇ ಖರ್ಚು ಮಾಡಬೇಕು, ಅದಕ್ಕೇ ಹಸಿ ಕಟ್ಟಿಗೆ ದಂಡ ಅಂತಾರೆ. ಲೆಕ್ಕ ಹಾಕಿ ನೋಡ್ರಿ: ಹಸಿ ರಾಶಿಯಿಂದ ಸುಮಾರು 800 ಮೆಗಾಜೌಲ್, ಒಣಗಿಸಿದ್ರೆ 895. ವ್ಯತ್ಯಾಸ ನೂರಕ್ಕೆ ಹನ್ನೊಂದು, ಅಷ್ಟೇ! ಹಂಗಾದ್ರೆ ಹಸಿ ಕಟ್ಟಿಗೆ ಒಲೆ ಮುಂದೆ ಊದಿ ಊದಿ ಕಣ್ಣೀರು ಹಾಕೋದ್ಯಾಕೆ?

ಕಟ್ಟಿಗೆ ನೇರವಾಗಿ ಉರಿಯಲ್ಲ. ಬಿಸಿಗೆ ಅದರಿಂದ ಅನಿಲ ಏಳುತ್ತೆ, ಜ್ವಾಲೆ ಆ ಅನಿಲದ್ದು. ನೀರು ಆವಿಯಾಗ್ತಾ ಇದ್ರೆ ಒಲೆಯೊಳಗಿನ ಬಿಸಿ ಏರೋದೇ ಇಲ್ಲ, ಅನಿಲ ಹೊತ್ತಿಕೊಳ್ಳದೇ ಆಚೆ ಹೋಗುತ್ತೆ. ಅದೇ ಹೊಗೆ. ಹೊಗೆ ಅಂದ್ರೆ ನೀವು ದುಡ್ಡು ಕೊಟ್ಟು ತಂದು, ಉರಿಸದೇ ಬಿಟ್ಟ ಇಂಧನ. ಅದರಲ್ಲಿ ಮಸಿ ಇರುತ್ತೆ, ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಮೀಥೇನ್ ಇರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿ ಕಾಯಿಸೋದು ಕಾರ್ಬನ್ ಡೈಆಕ್ಸೈಡಿನ ಸುಮಾರು 27 ಪಟ್ಟು. ಮರ ಮತ್ತೆ ಬೆಳೆದ್ರೂ ಹೀರೋದು ಕಾರ್ಬನ್ ಡೈಆಕ್ಸೈಡ್ ಮಾತ್ರ. ಆ ಮೀಥೇನ್ ಮಾಡಿದ ಕಾವು ವಾಪಸ್ ಬರಲ್ಲ.

ತೇವ ಅಳೆಯೋದು ಸುಲಭ. ತುದಿ ಮೊದಲು ಒಣಗುತ್ತೆ, ಮೋಸ ಮಾಡುತ್ತೆ; ಅದಕ್ಕೆ ದಿಮ್ಮಿಯ ನಡುವಿಂದ ತೆಳ್ಳನೆ ಬಿಲ್ಲೆ ಕೊಯ್ರಿ. ತೂಗಿ, ಓವನ್ನಿನಲ್ಲಿ 105 ಡಿಗ್ರಿಗೆ ಇಟ್ಟು, ತೂಕ ಇಳಿಯೋದು ನಿಲ್ಲೋತನಕ ಮತ್ತೆ ಮತ್ತೆ ತೂಗ್ರಿ. 200 ಗ್ರಾಂ ಇದ್ದಿದ್ದು 150ಕ್ಕೆ ನಿಂತ್ರೆ ತೇವ ನೂರಕ್ಕೆ 25, ಇನ್ನೂ ಒಣಗಬೇಕು. ಓವನ್ ಇಲ್ವಾ? ಎರಡು ತುಂಡು ಒಂದಕ್ಕೊಂದು ಬಡೀರಿ. ಟಣ್ ಅಂದ್ರೆ ಒಣಗಿದೆ, ದಬ್ ಅಂದ್ರೆ ಹಸಿ.

ಒಣಗಿಸೋಕೆ ದಿಮ್ಮಿ ಸೀಳಲೇಬೇಕು, ತೊಗಟೆ ನೀರು ಬಿಡಲ್ಲ. ನೆಲಕ್ಕೆ ತಾಗದಂಗೆ ಅಡ್ಡಪಟ್ಟಿ ಮೇಲೆ ಒಟ್ಟಿ, ತಲೆ ಮೇಲೆ ಮಾತ್ರ ತಗಡು ಹಾಕ್ರಿ. ಸುತ್ತ ಟಾರ್ಪಾಲ್ ಸುತ್ತಿದ್ರೆ ಒಳಗೆ ಬೂಸ್ಟು. ಚಿತ್ರದುರ್ಗದ ಕಡೆಯವರಿಗಂತೂ ಗಾಳಿ ಬಿಟ್ಟಿ. ಗಾಳಿಯಂತ್ರ ತಿರುಗಿಸೋ ಗಾಳಿ ಕಟ್ಟಿಗೆ ಒಣಗಿಸಲ್ವಾ?

[ದೃಶ್ಯ: ಉದ್ರಿ ಪುಸ್ತಕ]

ಸರಿ, ಸೊನ್ನೆ ಪ್ರಶ್ನೆ. ಅಂತರರಾಷ್ಟ್ರೀಯ ಲೆಕ್ಕದ ನಿಯಮ ಹೇಳೋದು: ಕಟ್ಟಿಗೆಯ ಕಾರ್ಬನ್ನನ್ನ ಮರ ಕಡಿದ ದೇಶದ ಭೂಬಳಕೆ ಪುಟದಲ್ಲಿ ಬರೀರಿ. ಎರಡು ಸಲ ಆಗಬಾರದು ಅಂತ ಸುಟ್ಟವರ ಇಂಧನದ ಮೊತ್ತಕ್ಕೆ ಸೇರಿಸಲ್ಲ. ಇಂಗ್ಲೆಂಡಿನ ಡ್ರಾಕ್ಸ್ ವಿದ್ಯುತ್ ಸ್ಥಾವರ ಕಲ್ಲಿದ್ದಲು ಬಿಟ್ಟು ಸುಡ್ತಿರೋ ಮರದ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ) ಬಹುಪಾಲು ಉತ್ತರ ಅಮೆರಿಕದ್ದು. ಇವರು ದಿನಸಿ ಉಂಡ್ರು, ಉದ್ರಿ ಬೇರೆಯವರ ಪುಸ್ತಕದಲ್ಲಿ. ಆ ಸೊನ್ನೆ ಪುಸ್ತಕದ್ದು, ಆಕಾಶದ್ದಲ್ಲ.

ಆಕಾಶಕ್ಕೆ ಮುಖ್ಯ ಆಗೋದು ವಾಪಸ್ ಹೀರೋಕೆ ಎಷ್ಟು ವರ್ಷ ಅನ್ನೋದು. ಬಳ್ಳಾರಿ ಜಾಲಿ ಬುಡ ಬಿಟ್ಟು ಕಡಿದ್ರೆ ಚಿಗುರುತ್ತೆ, ನಾಲ್ಕೈದು ವರ್ಷಕ್ಕೆ ಮತ್ತೆ ಕಟ್ಟಿಗೆ. ಜೆಸಿಬಿ ತಂದು ಬೇರು ಕಿತ್ತು ಹೊಲ ಮಾಡಿದ್ರೆ ಆ ಲೆಕ್ಕ ಅಲ್ಲಿಗೇ ಮುಗೀತು. ರಸ್ತೆ ಬದಿಯ 60 ವರ್ಷದ ಹುಣಸೆಮರ ಕಡಿದು ಸುಟ್ರೆ, ಹೊಸ ಸಸಿ ಅಷ್ಟು ತುಂಬಿಕೊಳ್ಳೋಕೆ ಇನ್ನೊಂದು 60 ವರ್ಷ.

ಭತ್ತದ ಹೊಟ್ಟಿಗೆ ಈ ತಂಟೆ ಇಲ್ಲ. ಭದ್ರಾ ಅಚ್ಚುಕಟ್ಟಿನ 100 ಕಿಲೋ ಭತ್ತ ಗಿರಣಿಗೆ ಹೋದ್ರೆ 20 ಕಿಲೋ ಹೊಟ್ಟು ಹೆಂಗೂ ಬರುತ್ತೆ, ಅದಕ್ಕಾಗಿ ಯಾರೂ ಮರ ಕಡಿಯಲ್ಲ. ಮಂಡಕ್ಕಿ ಭಟ್ಟಿಗೆ ಇದಕ್ಕಿಂತ ಒಳ್ಳೇ ಬಯೋಮಾಸ್, ಅಂದ್ರೆ ಗಿಡಮರದಿಂದ ಬಂದ ಇಂಧನ, ಹುಡುಕೋದು ಕಷ್ಟ. ಆದ್ರೆ ಬೂದಿ ನೂರಕ್ಕೆ 15–20, ಬಹುಪಾಲು ಸಿಲಿಕಾ, ಮರಳಿನಲ್ಲಿರೋ ಅದೇ ವಸ್ತು. ಬೆಂಕಿ ಅತಿಯಾದ್ರೆ ಬೂದಿ ಕರಗಿ, ಕಿಟ್ಟ ಆಗಿ ಜಾಲರಿ ಮುಚ್ಚುತ್ತೆ. ಗಾಳಿ ನಿಂತ್ರೆ ಮತ್ತೆ ಹೊಗೆ.

ಟೈಮ್ ಆಯ್ತು, ಉಳಿದಿದ್ದು ಓಡಿಸಿಬಿಡ್ತೀನಿ. ಇದ್ದಿಲು: ಮಣ್ಣು ಮುಚ್ಚಿ ಸುಟ್ರೆ ಐದಾರು ಕಿಲೋ ಕಟ್ಟಿಗೆಗೆ ಒಂದು ಕಿಲೋ ಸಿಕ್ಕರೆ ಪುಣ್ಯ, ಜೊತೆಗೆ ಮೀಥೇನ್. ಹಳೇ ಟೈರ್: ಅದು ಬಯೋಮಾಸ್ ಅಲ್ವೇ ಅಲ್ಲ, ಹಾಕಬೇಡ್ರಿ. ಒಲೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1980ರ ದಶಕದಲ್ಲಿ ಕೊಟ್ಟ ಅಸ್ತ್ರ ಒಲೆ ನೂರಕ್ಕೆ 30ಕ್ಕೂ ಹೆಚ್ಚು ಶಾಖ ಪಾತ್ರೆಗೆ ಮುಟ್ಟಿಸುತ್ತೆ, ಕಟ್ಟಿಗೆ ಅರ್ಧ ಉಳಿಯುತ್ತೆ. ಪಾತ್ರೆ ಒಲೆಬಾಯಿಗೆ ಸರಿಯಾಗಿ ಕೂರಬೇಕು, ಸಂದಿ ಬಿಟ್ರೆ ಶಾಖ ಅಲ್ಲೇ ಸೋರುತ್ತೆ. ಚಿಮಣಿ ಮಸಿ ಆಗಾಗ ತೆಗೀರಿ. ಕಟ್ಟಿಕೊಂಡ್ರೆ ಹೊಗೆ ಅಡುಗೆಮನೆಗೇ ವಾಪಸ್.