ಸೊನ್ನೆಯಿಂದ ನೂರು ಬಿಡಿ, ನೂರರಿಂದ ಸೊನ್ನೆ ಹೇಳಿ

ಎಲ್ಲರಿಗೂ ನಮಸ್ಕಾರ. ಒಂದು ಪೋರ್ಷೆ 911 ಕಾರನ್ನು ಹಿಂದೆ ಕಟ್ಟಿ ಎಳೆದುಕೊಂಡೇ ಇನ್ನೊಂದು 911ನ್ನು ಹಿಂದೆ ಹಾಕಿದ ಎಲೆಕ್ಟ್ರಿಕ್ ಪಿಕಪ್, ಟೆಸ್ಲಾ ಸೈಬರ್‌ಟ್ರಕ್, ಅದರ ವಿಡಿಯೋ ನೆನಪುಂಟಲ್ವಾ? 2023ರಲ್ಲಿ ಕಂಪನಿಯೇ ತೋರಿಸಿದ್ದು. ಆ ಗಾಡಿಯ ಟಾಪ್ ಮಾಡೆಲಿಗೆ 845 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 96 ಕಿಲೋಮೀಟರ್ ಮುಟ್ಟಲಿಕ್ಕೆ 2.6 ಸೆಕೆಂಡ್ ಸಾಕು ಎನ್ನುತ್ತದೆ ಕಂಪನಿ. ಗಾಡಿಯ ತೂಕ ಮೂರು ಟನ್‌ಗಿಂತ ಜಾಸ್ತಿ.

ನನಗೆ ಈ ಗಾಡಿಗಳು ಇಷ್ಟ, ಅದನ್ನು ಮೊದಲೇ ಹೇಳುತ್ತೇನೆ. ನಮ್ಮ ಡೀಸೆಲ್ ಪಿಕಪ್ ಖಾಲಿ ಇದ್ದಾಗ ಹಿಂಭಾಗ ಹೇಗೆ ಕುಪ್ಪಳಿಸುತ್ತದೆ, ನೋಡಿದ್ದೀರಿ. ಎಲೆಕ್ಟ್ರಿಕ್ ಪಿಕಪ್ಪಿನಲ್ಲಿ ಬ್ಯಾಟರಿ ಅಡಿಯಲ್ಲಿ ಉದ್ದಕ್ಕೂ ಮಲಗಿರುತ್ತದೆ. ಭಾರ ಕೆಳಗೆ ಇರುವುದರಿಂದ ತಿರುವಿನಲ್ಲಿ ಗಾಡಿ ಅಷ್ಟು ವಾಲುವುದಿಲ್ಲ. ರಿವಿಯನ್ ಕಂಪನಿಯ ಆರ್1ಟಿ ಎಂಬ ಎಲೆಕ್ಟ್ರಿಕ್ ಪಿಕಪ್ಪಿನಲ್ಲಿ ನಾಲ್ಕು ಚಕ್ರಕ್ಕೆ ನಾಲ್ಕು ಮೋಟಾರು ಹಾಕಿದ ಮಾಡೆಲೂ ಉಂಟು. ಯಾವ ಚಕ್ರಕ್ಕೆ ಎಷ್ಟು ಬಲ ಬೇಕೋ ಅಷ್ಟೇ ಹೋಗುತ್ತದೆ. ನಿಜವಾಗಿಯೂ ಒಳ್ಳೆಯ ಎಂಜಿನಿಯರಿಂಗ್.

ಆದರೆ ಮಾರಾಯ್ರೇ, ಓಡುವುದು ಮೋಟಾರಿನ ಕೆಲಸ. ನಿಲ್ಲುವುದು ಟಯರ್ ಮತ್ತು ರಸ್ತೆಯ ಕೆಲಸ. ವೇಗ 80ರಿಂದ 120ಕ್ಕೆ ಹೋದರೆ ಅದು ಒಂದೂವರೆ ಪಟ್ಟು ಅಷ್ಟೇ. ಬ್ರೇಕ್ ಹೊಡೆದು ಕರಗಿಸಬೇಕಾದ ಶಕ್ತಿ ಮಾತ್ರ ಎರಡೂಕಾಲು ಪಟ್ಟು. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ಒಂದು ಆರ್1ಟಿಯನ್ನು ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ರಸ್ತೆ ಬದಿಯ ಉಕ್ಕಿನ ತಡೆಬೇಲಿಗೆ ಗುದ್ದಿಸಿ ನೋಡಿದರು. ಅದು ಬೇಲಿಯನ್ನು ಹರಿದುಕೊಂಡು ಹೋಗಿ ಆಚೆಯ ಕಾಂಕ್ರೀಟ್ ತಡೆಗೆ ಬಡಿಯಿತು.

ಈಗ ನಮ್ಮ ಕರಾವಳಿಯ ಹೆದ್ದಾರಿ 66ಕ್ಕೆ ಬನ್ನಿ. ಸುರತ್ಕಲ್, ಪಡುಬಿದ್ರಿ, ಕಾಪು, ಕಟಪಾಡಿ. ಡಿವೈಡರ್ ಬಿಟ್ಟಿರುವ ಜಾಗದಲ್ಲಿ ಸ್ಕೂಟರ್ ನಿಂತಿರುತ್ತದೆ. ಮುಂದೆ ಅಮ್ಮ, ಹಿಂದೆ ಯೂನಿಫಾರ್ಮಿನ ಮಗು, ಮೇಲೆ ಒಂದೇ ರೈನ್‌ಕೋಟು. ಎದುರಿಗೆ ಟೋಲ್ ದಾಟಿಯೋ ಸಿಗ್ನಲ್ ಬಿಟ್ಟೋ ಒಂದು ಪಿಕಪ್ ಹೊರಟಿದೆ. ಅವರು ಒಂದು ಕ್ಷಣ ಅದನ್ನು ನೋಡುತ್ತಾರೆ. "ಲೋಡ್ ಗಾಡಿ, ನಿಧಾನ ಬರುತ್ತದೆ" ಅಂತ ಲೆಕ್ಕ ಹಾಕಿ ದಾಟುತ್ತಾರೆ. ಆ ಲೆಕ್ಕ ತಪ್ಪಲ್ಲ. ಇಷ್ಟು ವರ್ಷ ಡೀಸೆಲ್ ಗಾಡಿಗಳನ್ನು ನೋಡಿ ಕಲಿತದ್ದು ಅದು. ಮೂರು ಸೆಕೆಂಡಿನಲ್ಲಿ ನೂರು ಮುಟ್ಟುವ ಪಿಕಪ್ ಬಂದರೆ ಅದೇ ಲೆಕ್ಕ ಅವರನ್ನು ನಡುರಸ್ತೆಗೆ ಕಳಿಸುತ್ತದೆ. ನನ್ನ ಭಯ ಇರುವುದು ಇಲ್ಲೇ.

ಕಾನೂನು ಏನು ಹೇಳುತ್ತದೆ? 2018ರ ಕೇಂದ್ರದ ಆದೇಶದಲ್ಲಿ ನಾಲ್ಕು ಪಥದ ಹೆದ್ದಾರಿಯಲ್ಲಿ ಸರಕು ವಾಹನಕ್ಕೆ ಗಂಟೆಗೆ 80 ಕಿಲೋಮೀಟರ್ ಮಿತಿ ಹಾಕಿದ್ದರು. ಆ 80ನ್ನು ಎಷ್ಟು ಸೆಕೆಂಡಿನಲ್ಲಿ ಮುಟ್ಟಬಹುದು ಎಂಬುದರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಮಲ್ಪೆಯಿಂದ ಮೀನಿನ ಗಾಡಿಗಳು ಹೊರಟರೆ ಐಸ್ ಕರಗಿದ ನೀರು ದಾರಿಯುದ್ದಕ್ಕೂ ಸೋರುತ್ತದೆ. ಉಡುಪಿಯ ಕರಾವಳಿ ಬೈಪಾಸಿನಲ್ಲಿ ತಿರುಗುವಾಗ ಬೈಕಿನವರು ಯಾಕೆ ಜಾಗ್ರತೆ ಮಾಡುತ್ತಾರೆ ಅಂತ ಕೇಳಿ ನೋಡಿ. ಆ ಜಿಡ್ಡಿನ ಮೇಲೆ ಜೂನಿನ ಮೊದಲ ಮಳೆ ಬಿದ್ದರೆ ಮುಗಿಯಿತು. 800 ಅಶ್ವಶಕ್ತಿ ಅಲ್ಲಿ ಏನೂ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಹೇಳುವುದಿಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಬ್ರೇಕಿನ ಹಾಗೆ ಗಾಡಿಯನ್ನು ಹಿಡಿಯುತ್ತದೆ, ಆ ಶಕ್ತಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಆದರೆ ಬ್ಯಾಟರಿ ತುಂಬಿದ್ದರೆ ಅದಕ್ಕೆ ಜಾಗ ಎಲ್ಲಿ? ಆಗ ಆ ಹಿಡಿತ ಕಡಿಮೆಯಾಗುತ್ತದೆ. ಸಕಲೇಶಪುರದಲ್ಲಿ ಫುಲ್ ಚಾರ್ಜ್ ಮಾಡಿ, ಲೋಡ್ ಸಮೇತ ಶಿರಾಡಿ ಘಾಟಿ ಇಳಿಯುವವರು ಇದನ್ನು ಗಟ್ಟಿ ನೆನಪಿಡಬೇಕು. ಸ್ವಲ್ಪ ಖಾಲಿ ಇಟ್ಟುಕೊಂಡೇ ಇಳಿಯಿರಿ.

ಈಗ ನಮ್ಮ ಊರಿನಲ್ಲಿ ಓಡುವ ಸಣ್ಣ ಎಲೆಕ್ಟ್ರಿಕ್ ಗೂಡ್ಸ್ ಗಾಡಿಗಳ ಬಗ್ಗೆ ನನಗೆ ಚಿಂತೆ ಇಲ್ಲ. ಟಾಟಾ ಏಸ್ ಇವಿ ಮೋಟಾರು 27 ಕಿಲೋವ್ಯಾಟ್. ಸೈಬರ್‌ಟ್ರಕ್‌ನದ್ದು 600ರ ಮೇಲೆ. ದೊಡ್ಡವು ಬರುವ ಮೊದಲೇ ಮಾತಾಡಬೇಕು ಅಂತ ಈ ವಿಡಿಯೋ.

ನಾನು ಕೇಳುವುದು ಇಷ್ಟು. ಲೋಡ್ ಹಾಕಿದ ಕೂಡಲೇ ಗಾಡಿ ತಾನಾಗಿ ಬಲ ಕಡಿಮೆ ಮಾಡಿಕೊಳ್ಳಬೇಕು. ಡ್ರೈವರ್ ಬಟನ್ ಒತ್ತುವುದಕ್ಕೆ ಕಾಯಬಾರದು. ಕಂಪನಿಯವರು ಜಾಹೀರಾತಿನಲ್ಲಿ ಒಂದು ಅಂಕೆ ಹಾಕಲೇಬೇಕು: ಪೂರ್ತಿ ಲೋಡ್, ಒದ್ದೆ ರಸ್ತೆ, 80ರಿಂದ ನಿಲ್ಲಲಿಕ್ಕೆ ಎಷ್ಟು ಮೀಟರ್? ನೀವು ಗಾಡಿ ನೋಡಲಿಕ್ಕೆ ಹೋದರೆ ಖಾಲಿ ಗಾಡಿಯ ಟೆಸ್ಟ್ ಡ್ರೈವ್‌ಗೆ ಒಪ್ಪಬೇಡಿ. ಹಿಂದೆ ಸಿಮೆಂಟ್ ಮೂಟೆ ಹಾಕಿಸಿ, ಮಳೆ ಬರುವ ದಿನವೇ ಹೋಗಿ.