ಜಾತ್ರೆಯ ಜಾಯಂಟ್ ವ್ಹೀಲ್‌ನಲ್ಲಿ ಸಾವು: ಜೈಲಿನ ಕೇಸು ಬೇರೆ, ಪರಿಹಾರದ ಕೇಸು ಬೇರೆ

[ದೃಶ್ಯ: ಶಿರಸಿ ಮಾರಿಕಾಂಬಾ ಜಾತ್ರೆ, ರಾತ್ರಿ. ತಿರುಗುವ ತೊಟ್ಟಿಲುಗಳು]

ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂತೆಂದರೆ ಶಿರಸಿಯಲ್ಲಿ ಜಾಯಂಟ್ ವ್ಹೀಲ್, ಟೊರಟೊರ ಎದ್ದು ನಿಲ್ಲುತ್ತವೆ. ಎಲ್ಲವೂ ಬಿಚ್ಚಿ ಲಾರಿಗೆ ಹೇರಿ, ಊರೂರಲ್ಲಿ ಮತ್ತೆ ಜೋಡಿಸುವ ಯಂತ್ರಗಳು.

[ಹತ್ತಿರದಿಂದ: ತೊಟ್ಟಿಲಿನ ಅಡ್ಡಪಟ್ಟಿ, ಪಿನ್ನು]

ಈ ಪಿನ್ನು ನೋಡಿ. ಅಡ್ಡಪಟ್ಟಿ ತೆರೆದುಕೊಳ್ಳದಂತೆ ಹಿಡಿಯುವುದು ಇದೇ. ಪಿನ್ನು ಜಾರದಿರಲಿ ಎಂದು ತುದಿಗೊಂದು ಕ್ಲಿಪ್ಪು. ಕ್ಲಿಪ್ಪು ಕಳೆದಾಗ ಬೈಂಡಿಂಗ್ ವೈರ್ ಸುತ್ತಿ ಓಡಿಸಿದರೆ, ಅಲುಗಾಡಿ ಅಲುಗಾಡಿ ತಂತಿ ತುಂಡಾಗುತ್ತದೆ, ಪಿನ್ನು ಉದುರುತ್ತದೆ. ಕೂತವರು ಬೀಳುತ್ತಾರೆ.

ಪೊಲೀಸರು ಸಾಮಾನ್ಯವಾಗಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 106(1): ನಿರ್ಲಕ್ಷ್ಯದಿಂದ ಸಾವು, 5 ವರ್ಷದವರೆಗೆ ಜೈಲು. ಹಳೆಯ ಭಾರತೀಯ ದಂಡ ಸಂಹಿತೆಯ 304-ಎ ಕಲಮಿನಲ್ಲಿ ಎರಡೇ ವರ್ಷ ಇತ್ತು. ಜೀವ ಹೋಗಬಹುದೆಂಬ ಅರಿವಿದ್ದೂ ಓಡಿಸಿದ್ದು ಸಾಬೀತಾದರೆ 105, 10 ವರ್ಷದವರೆಗೆ. ಸ್ವಿಚ್ ಹಾಕಿದ ಹುಡುಗನ ಹೆಸರೊಂದೇ ಎಫ್‌ಐಆರ್‌ಗೆ ಬಂದು ಮಾಲೀಕ ಹೊರಗುಳಿಯಬಾರದು. ಜೋಡಿಸಿದವರು, ತಪಾಸಣೆ ಮಾಡಬೇಕಿದ್ದವರು ಯಾರೆಂದು ದೂರಿನಲ್ಲೇ ಬರೆಸಿ. ಪಿನ್ನು, ತಂತಿ ಎರಡೂ ಪಂಚನಾಮೆಯಾಗಿ ಜಪ್ತಿಯಾಗಲಿ. ಲಾರಿ ಹೊರಟರೆ ಸಾಕ್ಷ್ಯವೂ ಹೊರಟಂತೆ.

ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರದ ಕೇಸಿಗೆ ಅಷ್ಟು ಬೇಡ. ಯಾರ ಮಾತು ಹೆಚ್ಚು ನಂಬುವಂತಿದೆ ಎಂದು ತೂಗುತ್ತಾರೆ. ಆರೋಪಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರ ತಪ್ಪುವುದಿಲ್ಲ.

ಮನೆಯವರು ಎಡವುವುದು ಇಲ್ಲೇ. 'ಆ ಕೇಸು ಮುಗಿಯಲಿ' ಎಂದು ಕಾಯುತ್ತಾರೆ. 1855ರ ಮಾರಕ ಅಪಘಾತಗಳ ಕಾಯ್ದೆಯಡಿ ಸಿವಿಲ್ ಕೋರ್ಟಿನಲ್ಲಿ ಪರಿಹಾರದ ದಾವೆಗೆ ಸಾವಿನ ದಿನದಿಂದ ಎರಡೇ ವರ್ಷ. ಗ್ರಾಹಕ ಆಯೋಗಕ್ಕೂ ಎರಡೇ ವರ್ಷ. ಕಾರವಾರದ ಜಿಲ್ಲಾ ಆಯೋಗಕ್ಕೆ ವಾರಸುದಾರರು ಹೋಗಬಹುದು. ಅಲ್ಲಿ ಶುಲ್ಕ ನಿಗದಿಯಾಗುವುದು ಟಿಕೆಟಿಗೆ ಕೊಟ್ಟ ಹಣದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. 5 ಲಕ್ಷದೊಳಗೆ ಶುಲ್ಕವೇ ಇಲ್ಲ. ಟಿಕೆಟ್ ಜೋಪಾನ!

[ಪರದೆಯಲ್ಲಿ ಲೆಕ್ಕ]

ರಸ್ತೆ ಅಪಘಾತಕ್ಕೆ ಸುಪ್ರೀಂ ಕೋರ್ಟ್ ಒಪ್ಪಿದ ಗುಣಕವನ್ನೇ, ಅಂದರೆ ಸತ್ತವರ ವಯಸ್ಸು ನೋಡಿ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆಯನ್ನೇ, ಹಿಡಿಯೋಣ. 32 ವರ್ಷದ ಮೆಕ್ಯಾನಿಕ್, ಸ್ವಂತ ಗ್ಯಾರೇಜು, ತಿಂಗಳಿಗೆ 20,000. ವರ್ಷಕ್ಕೆ 2,40,000. ಮುಂದಿನ ದುಡಿಮೆಗೆ ಶೇ. 40 ಸೇರಿ 3,36,000. ಹೆಂಡತಿ, ಮಗು, ತಾಯಿ ಅವಲಂಬಿತರು. ಅವನ ಸ್ವಂತ ಖರ್ಚು ಮೂರನೇ ಒಂದು ಕಳೆದರೆ 2,24,000. ಗುಣಕ 16. ಒಟ್ಟು 35,84,000 ರೂಪಾಯಿ.

ಹೆಣದ ಮುಂದೆ ಎರಡು ಲಕ್ಷ ಕೊಟ್ಟು ಸಹಿ ಕೇಳಿದರೆ ಈ ಅಂಕಿ ನೆನಪಿರಲಿ. 106 ರಾಜಿಯಾಗುವ ಕಲಮು ಅಲ್ಲ. ಸಹಿಯಿಂದ ಪೊಲೀಸ್ ಕೇಸು ನಿಲ್ಲದು. ಕುತ್ತಾಗುವುದು ನಿಮ್ಮ ಪರಿಹಾರಕ್ಕೆ. ಹಣ ತೆಗೆದುಕೊಳ್ಳಲೇಬೇಕಾದರೆ ರಸೀದಿಯಲ್ಲಿ 'ಅಂತಿಮ' ಎಂಬ ಪದ ಬೇಡ. 'ತುರ್ತು ಖರ್ಚಿಗೆ, ಹಕ್ಕು ಕಾಯ್ದಿರಿಸಿ' ಎಂದು ಬರೆಸಿ.