ಹಬ್ಬದ ಊಟದಲ್ಲಿ ಒಂದು ಖಾಲಿ ಕುರ್ಚಿ

ಎಲ್ರಿಗೂ ನಮಸ್ಕಾರ. ಚಳಿಗಾಲದ ಹಬ್ಬಗಳು ಅಂದ್ರೆ ಲೈಟು, ಕೇಕು, ಗಿಫ್ಟು, ಸಾಂತಾ, ಇದನ್ನೆಲ್ಲ ನೀವು ಬೇಕಾದಷ್ಟು ನೋಡಿರ್ತೀರ. ನನಗೆ ಇವತ್ತು ಮಾತಾಡ್ಬೇಕು ಅನ್ಸಿರೋದು ಆ ಊಟದ ಟೇಬಲ್ ಹತ್ರ ಖಾಲಿ ಇರೋ ಕುರ್ಚಿ ಬಗ್ಗೆ.

ಪೋಲೆಂಡ್‌ನಿಂದ ಶುರು ಮಾಡ್ತೀನಿ. ಅಲ್ಲಿ ಡಿಸೆಂಬರ್ 24ರ ರಾತ್ರಿ ಊಟಕ್ಕೆ ವಿಗಿಲಿಯಾ ಅಂತಾರೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣೋವರೆಗೂ ಯಾರೂ ಊಟಕ್ಕೆ ಕೂರಲ್ಲ, ಅದನ್ನ ಹುಡುಕೋ ಕೆಲಸ ಮಕ್ಕಳದ್ದು. ಬಿಳಿ ಬಟ್ಟೆ ಕೆಳಗೆ ಒಂದು ಹಿಡಿ ಒಣಹುಲ್ಲು, ಮೇಲೆ ವಾಡಿಕೆ ಪ್ರಕಾರ 12 ಬಗೆ ಅಡುಗೆ, ಮಾಂಸ ಇರಲ್ಲ. ಊಟಕ್ಕೆ ಮುಂಚೆ ಎಲ್ಲರ ಕೈಲೂ ಕಾಗದದಷ್ಟು ತೆಳ್ಳಗಿರೋ ಬಿಳಿ ಹಾಳೆಯಂಥ ಒಂದು ರೊಟ್ಟಿ, ನನ್ನದರಿಂದ ನೀವೊಂದು ಚೂರು ಮುರೀತೀರ, ನಿಮ್ಮದರಿಂದ ನಾನೊಂದು ಚೂರು, ಹಾಗೇ ಒಬ್ಬರಿಗೊಬ್ಬರು ಒಳ್ಳೇದಾಗ್ಲಿ ಅಂತ ಹೇಳ್ತಾ ಮನೇಲಿ ಇರೋರೆಲ್ಲರ ಹತ್ರಾನೂ ಹೋಗ್ಬೇಕು, ಮುನಿಸು ಇದ್ರೂ ಹೋಗ್ಬೇಕು. ಟೇಬಲ್ ಮೇಲೆ ಮಾತ್ರ ಒಂದು ತಟ್ಟೆ ಜಾಸ್ತಿ ಇಟ್ಟಿರ್ತಾರೆ. ಹೇಳದೇ ಕೇಳದೇ ಬರೋ ಅತಿಥಿಗೆ ಅಂತ. ತೀರಿಕೊಂಡೋರ ನೆನಪಿಗೆ ಅಂತ ಇಡೋ ಮನೆಗಳೂ ಉಂಟು.

ಈಗ ಪಕ್ಕದ ಜರ್ಮನಿಗೆ ಬನ್ನಿ, ಅಲ್ಲಿ ಖಾಲಿ ಕುರ್ಚಿ ಟೀವಿ ಒಳಗಿದೆ! ಡಿಸೆಂಬರ್ 31ರ ಸಂಜೆ ಅಲ್ಲಿನ ಚಾನೆಲ್‌ಗಳು 'ಡಿನ್ನರ್ ಫಾರ್ ಒನ್' ಅನ್ನೋ ಒಂದು ಪುಟ್ಟ ಹಾಸ್ಯ ಹಾಕ್ತವೆ, ಸುಮಾರು 18 ನಿಮಿಷದ್ದು, ಕಪ್ಪು ಬಿಳುಪು, 1963ರಲ್ಲಿ ರೆಕಾರ್ಡ್ ಮಾಡಿದ್ದು, ಮಾತೆಲ್ಲ ಇಂಗ್ಲಿಷ್‌ನಲ್ಲಿ. ಮಿಸ್ ಸೋಫಿಗೆ 90ನೇ ಹುಟ್ಟುಹಬ್ಬ. ನಾಲ್ಕು ಜನ ಗೆಳೆಯರಿಗೆ ತಟ್ಟೆ ಇಟ್ಟಿದೆ, ಆದ್ರೆ ನಾಲ್ಕೂ ಜನ ಯಾವತ್ತೋ ಹೋಗ್ಬಿಟ್ಟಿದಾರೆ. ಬಟ್ಲರ್ ಜೇಮ್ಸ್ ಪ್ರತಿ ಕುರ್ಚಿ ಹತ್ರ ಹೋಗಿ ಅವರ ದನಿಯಲ್ಲೇ ಮಾತಾಡಿ ಅವರ ಪಾಲಿನ ಗ್ಲಾಸೂ ತಾನೇ ಕುಡೀತಾನೆ, ಕುಡಿದಷ್ಟೂ ನೆಲಕ್ಕೆ ಹಾಸಿರೋ ಹುಲಿ ಚರ್ಮದ ತಲೆಗೆ ಎಡವುತಾನೆ. ಪ್ರತಿ ಸಲ ಬಡಿಸೋ ಮುಂಚೆ ಅವನು ಕೇಳ್ತಾನೆ, ಹೋದ ವರ್ಷದ ಥರಾನೇನಾ ಅಂತ. ಅವಳು ಹೇಳ್ತಾಳೆ, ಪ್ರತಿ ವರ್ಷದ ಥರಾನೇ ಜೇಮ್ಸ್ ಅಂತ. ಈ ಮಾತು ಜರ್ಮನ್ನರಿಗೆ ಬಾಯಿಪಾಠ, ಜನ ಹೊಟ್ಟೆ ತುಂಬ ನಗ್ತಾರೆ. ನಂಗಂತೂ ಪ್ರತಿ ಸಲ ನಗು ಬಂದ ಮೇಲೆ ಗಂಟಲು ಕಟ್ಟತ್ತೆ, ಯಾಕಂದ್ರೆ ಆ ಮುದುಕಿ ಮಾಡ್ತಿರೋದನ್ನೇ ಅಲ್ವಾ ಹಬ್ಬದ ದಿನ ಎಲ್ಲರೂ ಮಾಡೋದು, ಹೋದೋರ ಪಾಲನ್ನೂ ಸೇರಿಸಿ ಬಡಿಸೋದು.

ಇರಾನಿನ ಯಲ್ದಾ ರಾತ್ರೀಲಿ ಇದೇ ಇನ್ನೊಂದು ರೂಪ. ವರ್ಷದ ಅತಿ ಉದ್ದದ ರಾತ್ರಿ, ಡಿಸೆಂಬರ್ 20 ಅಥವಾ 21. ಹಿರಿಯರ ಮನೇಲಿ ಸೇರ್ತಾರೆ, ದಾಳಿಂಬೆ ಬಿಡಿಸ್ತಾರೆ, ಕಲ್ಲಂಗಡಿ ಕೊಯ್ತಾರೆ, ಆಮೇಲೆ ಒಬ್ಬೊಬ್ಬರೂ ಮನಸ್ಸಲ್ಲಿ ಏನೋ ನೆನೆಸ್ಕೊಂಡು ಹಾಫಿಜ್ ಕವಿಯ ಪುಸ್ತಕವನ್ನ ಕಣ್ಮುಚ್ಚಿ ತೆಗೀತಾರೆ, ಬಂದ ಪದ್ಯವೇ ಉತ್ತರ. ಸತ್ತು 600 ವರ್ಷ ದಾಟಿರೋ ಕವಿ ಬಂದು ಮನೆ ಮಂದಿ ಮಧ್ಯೆ ಕೂತ ಹಾಗೆ! 2022ರಲ್ಲಿ ಯುನೆಸ್ಕೋ ಇದನ್ನ ತನ್ನ ಪಟ್ಟಿಗೆ ಸೇರಿಸ್ತು, ಒಳ್ಳೇದಾಯ್ತು.

ಎಲ್ಲಾ ಸಂಪ್ರದಾಯವೂ ಹಳೇದಿರಬೇಕು ಅಂತಿಲ್ಲ. ಜಪಾನಲ್ಲಿ ಕ್ರಿಸ್‌ಮಸ್‌ಗೆ ಕೆಎಫ್‌ಸಿ ಚಿಕನ್ ತಿನ್ನೋದು 1974ರ ಜಾಹೀರಾತಿನಿಂದ ದೇಶದ ತುಂಬಾ ಹರಡಿದ್ದು, ಸ್ವೀಡನ್‌ನಲ್ಲಿ 24ರ ಮಧ್ಯಾಹ್ನ 3 ಗಂಟೆಗೆ ಡೊನಾಲ್ಡ್ ಡಕ್ ನೋಡೋಕೆ ಮನೆ ಮಂದಿಯೆಲ್ಲ ಟೀವಿ ಮುಂದೆ ಕೂರೋದು 1960ರ ಸುಮಾರಿಗೆ ಶುರುವಾಗಿದ್ದು. ಇದು ವ್ಯಾಪಾರ, ಅದು ಟೀವಿ ಅಂತ ತಳ್ಳಿಹಾಕೋರ ಮಾತು ನಾನು ಒಪ್ಪಲ್ಲ, ಅಜ್ಜಿ ಜೊತೆ ಕೂತು ನೋಡಿದ ಮಗು ಮುಂದೆ ಅಜ್ಜಿ ಇಲ್ಲದಾಗ ಅದೇ ಹೊತ್ತಿಗೆ ಅದನ್ನೇ ಹಾಕ್ಕೊಂಡು ಕೂರತ್ತೆ.

'ವೈಟ್ ಕ್ರಿಸ್‌ಮಸ್' ಹಾಡೂ ಅಷ್ಟೇ. ಬಿಂಗ್ ಕ್ರಾಸ್ಬಿ ಅದನ್ನ 1942ರಲ್ಲಿ ರೆಕಾರ್ಡ್ ಮಾಡಿದ್ರು, ಯುದ್ಧದ ಕಾಲ, ಮನೆಯಿಂದ ದೂರ ಇದ್ದ ಸೈನಿಕರು ಅದನ್ನೇ ಕೇಳಿ ಕೇಳಿ ಹಾಕಿಸ್ಕೊಂಡ್ರು. ಬರೆದೋರು ಇರ್ವಿಂಗ್ ಬರ್ಲಿನ್, ಯಹೂದಿ. ಅವರ ಮೂರು ವಾರದ ಕೂಸು ತೀರಿಕೊಂಡಿದ್ದು 1928ರ ಡಿಸೆಂಬರ್ 25ಕ್ಕೆ. ಇದು ಗೊತ್ತಾದ ಮೇಲೆ ಆ ಹಾಡನ್ನ ಮೊದಲಿನ ಥರ ಕೇಳೋಕೆ ನನ್ನಿಂದ ಆಗಿಲ್ಲ.

ಕೊನೇದಾಗಿ ಫಿನ್‌ಲೆಂಡ್. ಅಲ್ಲಿ 24ರ ಸಂಜೆ ಜನ ಸ್ಮಶಾನಕ್ಕೆ ಹೋಗ್ತಾರೆ. ಹಿಮ ಸರಿಸಿ ಸಮಾಧಿ ಮುಂದೆ ಮೇಣದ ಬತ್ತಿ ಹಚ್ಚಿಡ್ತಾರೆ, ಕತ್ತಲಾಗ್ತಾ ಆಗ್ತಾ ಇಡೀ ಬಯಲೇ ಹೊಳೆಯೋಕೆ ಶುರುವಾಗತ್ತೆ. ತಮ್ಮೋರ ಸಮಾಧಿ ದೂರದ ಊರಲ್ಲೋ ಬೇರೆ ದೇಶದಲ್ಲೋ ಇದ್ರೆ? ಬೇರೆಡೆ ಮಣ್ಣಾದೋರಿಗೆ ಅಂತ್ಲೇ ಅಲ್ಲಿನ ಸ್ಮಶಾನಗಳಲ್ಲಿ ಒಂದು ಕಲ್ಲು ನಿಲ್ಲಿಸಿರ್ತಾರೆ, ಅದರ ಬುಡದಲ್ಲಿ ಯಾರ್ಯಾರೋ ಹಚ್ಚಿಟ್ಟ ದೀಪಗಳು ಒತ್ತೊತ್ತಾಗಿ ಉರೀತಿರ್ತವೆ.